ಫಟಫಟಿಗೆ ಜೋಡಿ ಟೈರು ತಂದದ್ದು

ಆಗ ನನಗೆ ಇಪ್ಪತ್ತಮೂರು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ದೊಡ್ಡ ಮನೆಯ ಹಿತ್ತಲ ಕಡೆ ಎರಡು ಕೋಣೆ ಹಿಡಿದು ನಾನು, ನನ್ನ ಗಂಡ ಇದ್ದೆವು. ಜೊತೆಗೆ ಒಂದು ಫಟಫಟಿ, ಅಂದರೆ ಮೋಟಾರ್ ಸೈಕಲ್ಲು. ಮಳೆ ಬಂದರೆ ಫಟಫಟಿ ಒಳಗೆ, ನಾವು ಬಾಗಿಲಲ್ಲಿ.

ಅದು ರೇಸಿನ ಫಟಫಟಿ. ಯಾರೋ ಬ್ರಿಟಿಷ್ ದೊರೆ ತನ್ನ ದೇಶಕ್ಕೆ ಹೊರಡುವಾಗ ಮಾರಿದ್ದು, ನಾಲ್ಕೈದು ಕೈ ದಾಟಿ ನನ್ನ ಗಂಡನ ಕೈಗೆ ಬಂದಿತ್ತು. ಅದರ ಹ್ಯಾಂಡಲ್ಲು ಬಹಳ ಕೆಳಗೆ. ಓಡಿಸುವವನು ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ಬಗ್ಗಿ ಕೂರಬೇಕು. ಅವನು ಬಗ್ಗಿದ್ದರಿಂದ ಎದುರಿನ ರಸ್ತೆಯೆಲ್ಲ ಹಿಂದೆ ಕೂತ ನನಗೇ ಕಾಣುತ್ತಿತ್ತು. ಬರುವ ಲಾರಿಯನ್ನು ಅವನಿಗಿಂತ ಮೊದಲು ನಾನು ನೋಡುತ್ತಿದ್ದೆ. ಹೇಳಿದರೆ ಸಿಟ್ಟು. ಗಂಡನನ್ನು ಅವನು ಇವನು ಎಂದು ಬರೆಯುತ್ತೇನೆಂದು ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಇದ್ದಾಗ ರೀ ಎಂದೇ ಕರೆದಿದ್ದೇನೆ. ಹೋಗಿ ಬಹಳ ದಿನವಾಯಿತು, ಈಗ ಸಾಕು.

ಆ ಗಾಡಿಯೇ ನಮಗೆ ಅನ್ನ ಹಾಕುತ್ತಿತ್ತು. ದಾವಣಗೆರೆಯ ಒಂದು ಟಾಕೀಸಿಗೂ ಹರಿಹರದ ಒಂದು ಟಾಕೀಸಿಗೂ ಸೇರಿ ಸಿನಿಮಾದ ರೀಲು ಒಂದೇ ಸೆಟ್ಟು ಬರುತ್ತಿತ್ತು. ಮಧ್ಯಾಹ್ನದ ಆಟ ಮೊದಲು ದಾವಣಗೆರೆಯಲ್ಲಿ ಶುರು, ಎರಡು ತಾಸು ಬಿಟ್ಟು ಹರಿಹರದಲ್ಲಿ ಶುರು. ಇಲ್ಲಿ ಮುಗಿದ ಮೊದಲರ್ಧ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿತ್ತು. ಉಳಿದರ್ಧ ಮುಗಿಯುವ ಹೊತ್ತಿಗೆ ಬಸ್ಸಿಲ್ಲ. ಆ ರೀಲುಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿಕೊಂಡು, ಹರಿಹರದಲ್ಲಿ ಇಂಟರ್ವಲ್ ಮುಗಿಯುವುದರೊಳಗೆ ಮುಟ್ಟಿಸುವುದು ನನ್ನ ಗಂಡನ ಕೆಲಸ. ಡಬ್ಬಿ ಕಟ್ಟಲು ಗಾಡಿಯಲ್ಲಿ ಜಾಗವಿರಲಿಲ್ಲ. ರೇಸಿಗೆ ಹೋಗುವವನು ಡಬ್ಬಿ ಒಯ್ಯುವುದಿಲ್ಲವಲ್ಲ. ಹಾಗಾಗಿ ಹಿಂದೆ ಕೂತು ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಳ್ಳುವುದು ನನ್ನ ಕೆಲಸ. ಓಣಿಯವರು ಆಡಿಕೊಂಡರು. ಆಡಿಕೊಂಡವರು ಯಾರೂ ಡಬ್ಬಿ ಹಿಡಿಯಲು ಬರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಹರಿಹರದ ರಸ್ತೆ ಅಗೆದಿದ್ದರು. ಒಂದಷ್ಟು ದೂರ ಎರೆಹೊಲದಲ್ಲಿ ಇಳಿದು ಹೋಗಬೇಕಿತ್ತು. ನಮ್ಮ ಟೈರುಗಳೋ ರೊಟ್ಟಿ ಬಡಿಯುವ ಕಲ್ಲಿನಷ್ಟು ನುಣ್ಣಗಾಗಿದ್ದವು. ಒಂದು ದಿನ ಗಾಡಿಯ ಹಿಂಭಾಗ ಜಾರಿ ನಾನು, ಡಬ್ಬಿ, ಅವನು, ಈ ಕ್ರಮದಲ್ಲಿ ಕೆಸರಿಗೆ ಬಿದ್ದೆವು. ಎದ್ದು ಹರಿಹರ ಮುಟ್ಟುವಷ್ಟರಲ್ಲಿ ಜನ ಬೆಂಚು ಮುರಿದಿದ್ದರು. ನಾಯಕಿಯನ್ನು ಕಟ್ಟಿಹಾಕಿದಲ್ಲಿಗೆ ಸಿನಿಮಾ ನಿಂತಿತ್ತಂತೆ.

ಟಾಕೀಸಿನ ಮ್ಯಾನೇಜರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೋಡ್ರಿ, ಬೆಂಚು ರಿಪೇರಿಗೆ ಭಾನುವಾರದ ತನಕ ಆಟ ಬಂದ್. ಸೋಮವಾರ ಹೊಸಾ ಸಿನಿಮಾ. ಅವತ್ತು ತಡ ಆದ್ರೆ ಕೆಲಸ ಜೀಪಿನವನಿಗೆ. ಅವನಿಗೆ ನಾಕು ಗಾಲಿ ಅದಾವು" ಎಂದರು.

ಹೊಸ ಟೈರು ಬೇಕಾಯಿತು. ಸಾರಥಿ ಎಂಬ ನಮ್ಮ ಹಳ್ಳಿಯಿಂದ ಮಾವ ಬಂದರು. ದುಡ್ಡು ಅವರದು, ಆದ್ದರಿಂದ ಆರಿಸುವುದೂ ಅವರೇ. ಮಾವ ಜೀವಮಾನದಲ್ಲಿ ಟೈರು ಕೊಂಡವರಲ್ಲ. ಎತ್ತು ಕೊಂಡವರು. ಅವರು ಆರಿಸಿದ ಎತ್ತು ಕುಂಟಿದ್ದಿಲ್ಲ, ಹಾಯ್ದಿದ್ದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅದೇ ನಮಗೆ ಮುಳುವಾಯಿತು.

ಭಾನುವಾರ ಬೆಳಗ್ಗೆ ಮೂವರೂ ಟೈರಿನ ಸಾಬರ ಅಂಗಡಿಗೆ ಹೋದೆವು. ಅವರ ರಜೆ ಶುಕ್ರವಾರ. ನನ್ನ ಗಂಡ ಗೋಡೆಯ ಮೇಲಿನ ಚಿತ್ರ ತೋರಿಸಿ, "ಅಂಥಾದ್ದು ಕೊಡ್ರಿ, ರೇಸಿಂದು" ಎಂದ. ಚಿತ್ರದ ಟೈರು ನಮ್ಮ ಹಳೆಯದರಷ್ಟೇ ನುಣ್ಣಗಿತ್ತು.

"ನಿಮ್ಮ ಗಾಡಿ ರೇಸಿಂದು, ಖರೇ. ನಿಮ್ಮ ರಸ್ತಾನೂ ರೇಸಿಂದೇನು?" ಎಂದರು ಸಾಬರು. ಒಳಗಿಂದ ಎರಡು ಟೈರು ತಂದು ನಿಲ್ಲಿಸಿದರು. ಒಂದಕ್ಕೆ ಸುತ್ತಲೂ ಉದ್ದ ಗೆರೆ, ನೇಗಿಲ ಸಾಲಿನ ಹಾಗೆ. ಇನ್ನೊಂದಕ್ಕೆ ಚೌಕ ಚೌಕ ಕಚ್ಚು, ಬೆಲ್ಲದ ಅಚ್ಚಿನ ಹಾಗೆ. "ಸಾಲಿಂದು ಮುಂದಕ್ಕೆ, ಗಾಡೀನ ನೆಟ್ಟಗೆ ಇಡ್ತೈತೆ. ಕಚ್ಚಿಂದು ಹಿಂದಕ್ಕೆ, ಕೆಸರು ಹಿಡೀತೈತೆ."

ಮಾವ ಎರಡನ್ನೂ ನೋಡಿದರು. "ಇವು ಜೋಡಿ ಅಲ್ಲಲ್ರೀ ಸಾಬ್ರೇ."

"ಇವೇ ಜೋಡಿ, ಯಜಮಾನ್ರೇ."

"ಕೋಡು ಇದ್ದದ್ದೊಂದು, ಬೋಳು ಒಂದು. ಹೆಂಗೆ ಜೋಡಿ ಆಗ್ತಾವು? ಒಂದು ಎಳೀತೈತೆ, ಒಂದು ನಿಲ್ತೈತೆ."

"ಎತ್ತು ಅಕ್ಕಪಕ್ಕ ಹೋಗ್ತಾವು. ಇವು ಒಂದರ ಹಿಂದೆ ಒಂದು ಹೋಗ್ತಾವು."

"ಹಿಂದೆ ಇರೋದಕ್ಕೆ ಮುಂದಿನದರ ಮ್ಯಾಲೆ ಹೊಟ್ಟೆಕಿಚ್ಚು ಇದ್ದೇ ಇರ್ತೈತೆ. ಎರಡೂ ಒಂದೇ ನಮೂನಿ ಇದ್ರೆ ಇರಂಗಿಲ್ಲ" ಎಂದರು ಮಾವ.

ಸಾಬರು ಬೇರೆ ಟೈರು ತರಲು ಒಳಗೆ ಹೋದರು. ನನ್ನ ಗಂಡ ಅಪ್ಪನ ಮುಂದೆ ಬಾಯಿ ತೆರೆಯುವವನಲ್ಲ. ಅಂಗಡಿಯಲ್ಲಿದ್ದ ಟೈರುಗಳೆಲ್ಲ ಒಂದೊಂದಾಗಿ ಬೀದಿಗೆ ಬಂದವು. ಮಾವ ಮುಂಡಾಸು ಸಡಿಲ ಮಾಡಿ ಕುಕ್ಕರಗಾಲಲ್ಲಿ ಕೂತು ಪರೀಕ್ಷೆಗೆ ತೊಡಗಿದರು. ಮೂಸಿದರು. ಬೆರಳಿನಿಂದ ಒತ್ತಿದರು. ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಕೂದಲು ಇರುತ್ತವೆ, ನೋಡಿದ್ದೀರಲ್ಲ. ಆ ಕೂದಲು ಸವರುತ್ತಾ ಸುಳಿ ಹುಡುಕಿದರು. ಎತ್ತಿನ ಮೈಯಲ್ಲಿ ಸುಳಿ ಎಲ್ಲಿದ್ದರೆ ಮನೆಗೆ ಒಳ್ಳೆಯದು, ಎಲ್ಲಿದ್ದರೆ ಕೆಟ್ಟದ್ದು ಎಂದು ಅವರಿಗೆ ಬಾಯಿಪಾಠ. ಒಂದು ಟೈರಿನಲ್ಲಿ ಕೂದಲು ಒಂದು ಕಡೆ ಮಲಗಿದ್ದವು.

"ಇದು ಬ್ಯಾಡ. ಇದು ಯಜಮಾನನ್ನ ತಿಂತೈತೆ."

"ಗ್ವಾಡಿಗೆ ಒತ್ತಿ ಇಟ್ಟಿದ್ವಿ, ಅದಕ್ಕೆ ಮಲಗ್ಯಾವು" ಎಂದರು ಸಾಬರು.

"ಯಾವ ಗ್ವಾಡಿಗೆ ಒತ್ತಿದ್ರೂ ಒಳ್ಳೆ ಸುಳಿ ಕೆಡಂಗಿಲ್ಲ ಬಿಡ್ರಿ."

ಆಮೇಲೆ ನಡಿಗೆ ನೋಡಬೇಕಾಯಿತು. ಮಾವ ಒಂದು ಟೈರನ್ನು ಬೀದಿಯಲ್ಲಿ ಉರುಳಿಸಿ ಬಿಟ್ಟರು. ಅದು ಸ್ವಲ್ಪ ದೂರ ನೆಟ್ಟಗೆ ಹೋಗಿ, ಎಡಕ್ಕೆ ತಿರುಗಿ, ಇಡ್ಲಿ ಹೋಟೆಲಿನ ಬಾಗಿಲಲ್ಲಿ ಬಿದ್ದಿತು. "ಇದಕ್ಕೆ ತಿನ್ನೋ ಚಾಳಿ ಐತೆ, ಬ್ಯಾಡ" ಎಂದರು. ಇನ್ನೊಂದು ಚರಂಡಿಗೆ ಹೋಯಿತು. ಅದನ್ನು ನೋಡಿ ಮುಖ ತಿರುಗಿಸಿದರು. ಅಷ್ಟರಲ್ಲಿ ಜನ ಸೇರಿದ್ದರು. ಹೋಟೆಲಿನಿಂದ ಲೋಟ ಹಿಡಿದು ಬಂದವನೊಬ್ಬ, "ಯಜಮಾನ್ರೇ, ಆ ಕರೇದು ನೋಡ್ರಿ" ಎಂದ. ಎಲ್ಲವೂ ಕರಿಯವೇ. ಮಾವ ಅದನ್ನೂ ಗಂಭೀರವಾಗಿ ತೆಗೆದುಕೊಂಡು ಯಾವುದು ಎಂದು ಕೇಳಿದರು.

ಬಿಸಿಲು ನೆತ್ತಿಗೆ ಬಂತು. ನನಗೆ ರೇಗಿತು. ಸಾಲಿನ ಜೋಡಿಯನ್ನು ಮಾವ ಹಿಡಿದುಕೊಂಡಾಗ ಹೇಳಿಯೇಬಿಟ್ಟೆ. "ಮಾವಾರೇ, ಅವು ಎರಡೂ ಮುಂದಿನವು. ಹಿಂದೆ ಹಾಕಿದ್ರೆ ಜಾರ್ತಾವು. ಬೀಳೋಳು ನಾನು. ಜೋಡಿನೇ ಬೇಕಂದ್ರೆ ಕಚ್ಚಿಂದೇ ಎರಡು ತಗೋರಿ."

"ಹೆಣ್ಮಕ್ಕಳಿಗೆ ಎತ್ತಿನ ವಿಷಯ ಏನು ಗೊತ್ತಾಗ್ತೈತೆ ಯವ್ವಾ" ಎಂದರು. ಆದರೂ ಕಚ್ಚಿನ ಜೋಡಿಯನ್ನು ಉರುಳಿಸಿ ನೋಡಿದರು. ಕಚ್ಚು ಇದ್ದದ್ದರಿಂದಲೋ ಏನೋ ಎರಡೂ ಬೇಗ ನಿಂತವು. "ಸಾಧು ಅದಾವೆ" ಎಂದು ಒಪ್ಪಿದರು.

ವ್ಯಾಪಾರವೂ ದನದ ಸಂತೆಯ ರೀತಿಯಲ್ಲೇ ಆಗಬೇಕು. ಮಾವ ಸಾಬರ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಒತ್ತಿ ರೇಟು ಹೇಳತೊಡಗಿದರು. ಬಾಯಲ್ಲಿ ರೇಟು ಆಡುವ ಹಾಗಿಲ್ಲ, ನಿಂತವರ ದೃಷ್ಟಿ ತಾಗುತ್ತದೆ. ಸಾಬರು ಹುಟ್ಟಾ ಪೇಟೆಯವರು, ಅವರಿಗೆ ಬೆರಳಿನ ಲೆಕ್ಕ ತಿಳಿಯದು. "ಕಚಗುಳಿ ಆಗ್ತೈತ್ರೀ" ಎಂದು ನಕ್ಕರು. ಆಮೇಲೆ ಏನು ಒಪ್ಪಿದರೋ ಅವರಿಗೇ ಗೊತ್ತಿಲ್ಲ. ನಾನಂತೂ ಇವತ್ತಿನವರೆಗೂ ರೇಟು ತಿಳಿದವಳಲ್ಲ.

ಟೈರು ಹಾಕಿಸಿದೆವು. ಹಳೆಯವನ್ನು ಅಲ್ಲೇ ಒಬ್ಬ ಮೆಟ್ಟು ಹೊಲಿಯಲು ಎತ್ತಿಕೊಂಡು ಹೋದ. ಮನೆ ಮುಂದೆ ಮಾವ ಹೊಸ ಟೈರಿಗೆ ನೀರು ಹಾಕಿಸಿ, ಕುಂಕುಮ ಹಚ್ಚಿಸಿ, ಆರತಿ ಎತ್ತಿಸಿದರು. ಎತ್ತಿದೆ. ಆರತಿಯಿಂದ ಟೈರಿಗೆ ತೊಂದರೆಯಿಲ್ಲ.

ತೊಂದರೆ ಮರುದಿನ ಬಂತು. ನನ್ನ ಗಂಡ ಟಾಕೀಸಿನಿಂದ ಡಬ್ಬಿ ತಂದು ಗಾಡಿ ಹೊರಗೆ ತಳ್ಳಿದ. ಮಾವ ಅಡ್ಡ ನಿಂತರು.

"ಎಲ್ಲಿಗಲೇ?"

"ಹರಿಹರಕ್ಕೆ ಅಪ್ಪಾಜಿ. ಹೊತ್ತಾತು."

"ಇವತ್ತು ಯಾವ ವಾರ?"

ಸೋಮವಾರ. ನಮ್ಮ ಕಡೆ ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಮೈ ತೊಳೆದು ಮೇಯಲು ಬಿಡುತ್ತಾರೆ. ಹೊಸ ಜೋಡಿಯನ್ನಂತೂ ಸೋಮವಾರ ಮೊದಲ ಬಾರಿಗೆ ಹೂಡುವ ಮಾತೇ ಇಲ್ಲ. ನನ್ನ ಗಂಡ ಗಾಡಿಯ ಹ್ಯಾಂಡಲ್ಲು ಹಿಡಿದುಕೊಂಡು ನೆಲ ನೋಡುತ್ತಾ ನಿಂತ. ಇವನು ಹೀಗೇ ನಿಂತರೆ ಜೀಪಿನವನು ನಮ್ಮ ಅನ್ನ ತಿನ್ನುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಟೈರು ಎತ್ತಲ್ಲ ಎಂದು ಮಾವನಿಗೆ ಹೇಳಿ ಪ್ರಯೋಜನವಿರಲಿಲ್ಲ, ಆ ಮಾತು ಸಾಬರ ಅಂಗಡಿಯಲ್ಲೇ ಸೋತಿತ್ತು.

"ಮಾವಾರೇ, ಸೋಮವಾರ ಹೂಡಬಾರ್ದು, ಸರಿ. ತಿರುಗಾಡಿಸಬಹುದಲ್ಲ? ಹಳ್ಳಕ್ಕೆ ನೀರಿಗೆ ಒಯ್ತೀರಲ್ಲ."

"ಒಯ್ಯಬಹುದು."

"ಹರಿಹರದಾಗೆ ಹೊಳೆ ಐತೆ."

ಮಾವ ನನ್ನ ಗಂಡ ತಂದಿದ್ದರ ಕಡೆ ಕೈ ತೋರಿಸಿದರು. "ಡಬ್ಬಿ? ಅದು ಭಾರ."

"ಅದನ್ನ ನಾನು ಹೊತ್ಕೊಂತೀನಿ."

"ತೊಡಿ ಮ್ಯಾಲೆ ಇಟ್ಕಂಡ್ರೆ ಭಾರ ಗಾಡಿಗೇ ಬೀಳ್ತೈತೆ. ತಲಿ ಮ್ಯಾಲೆ ಇಟ್ಕೋ. ತಲಿ ಮ್ಯಾಲಿನ ಭಾರ ಹೊತ್ತೋರದ್ದು."

"ಆತು."

"ಮತ್ತೆ ನೀನು? ನೀನೂ ಭಾರ ಅಲ್ಲೇನು?"

"ಮನಿ ಸೊಸಿನ ಭಾರ ಅಂತೀರೇನ್ರಿ?" ಎಂದೆ.

ಪಕ್ಕದ ಮನೆಯವರು ಕಾಂಪೌಂಡಿನಿಂದ ನೋಡುತ್ತಿದ್ದರು. ಮಾವ ಹೂಂ ಎನ್ನುವ ಹಾಗಿರಲಿಲ್ಲ. ಆದರೆ ಸೋತು ಸುಮ್ಮನಾಗುವವರೂ ಅಲ್ಲ. "ನಾನೂ ಬರ್ತೀನಿ. ಬಿಟ್ರೆ ಇವನು ಜೋರಾಗಿ ಓಡಿಸ್ತಾನೆ. ನಡೆಸಿಕೊಂಡು ಹೋಗಬೇಕು, ಓಡಿಸಬಾರ್ದು" ಎಂದು ಗಾಡಿ ಹತ್ತಿ ಮಧ್ಯದಲ್ಲಿ ಕೂತರು. ಯಜಮಾನ ಭಾರವೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ.

ಮುಂದೆ ಬಗ್ಗಿದ ನನ್ನ ಗಂಡ, ಮಧ್ಯೆ ನೆಟ್ಟಗೆ ಮುಂಡಾಸಿನ ಮಾವ, ಕೊನೆಯಲ್ಲಿ ಸಿಂಬೆಯ ಮೇಲೆ ಡಬ್ಬಿ ಹೊತ್ತ ನಾನು. ಹೀಗೆ ದಾವಣಗೆರೆ ದಾಟಿದೆವು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ನಿಂತು, ಮತ್ತೆ ನೋಡಿದರು. ಗಂಡ ಸ್ವಲ್ಪ ಜೋರು ಮಾಡಿದರೆ ಮಾವ "ಹೋ, ಹೋ" ಎಂದು ಅವನ ಹೆಗಲು ಹಿಂದಕ್ಕೆ ಜಗ್ಗುತ್ತಿದ್ದರು. ಜಗ್ಗಿದಾಗಲೆಲ್ಲ ಗಾಡಿ ಓಲಾಡುತ್ತಿತ್ತು. ಅಲ್ಲದೆ ಡಾಂಬರಿನ ಮೇಲೆ ಮುಂದಿನ ಟೈರಿನ ಕಚ್ಚು ಗುರ್ ಗುರ್ ಎನ್ನುತ್ತಾ, ಹ್ಯಾಂಡಲ್ಲು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಈ ನಿಧಾನದಲ್ಲೇ ಹೀಗಾದರೆ ಜೋರು ಹೋದರೆ ಮೂವರೂ ಬೀಳುವುದು ಖಂಡಿತ ಎಂದು ಅಲ್ಲೇ ತಿಳಿಯಿತು. ಸಾಬರು ಹೇಳಿದ್ದು ಸರಿಯಿತ್ತು, ಮುಂದಕ್ಕೆ ಸಾಲಿನ ಟೈರೇ ಆಗಬೇಕಿತ್ತು.

ಎರೆಹೊಲದಲ್ಲಿ ಒಂದು ಲಾರಿ ಹೂತು ನಿಂತಿತ್ತು. ನಾವು ಅದರ ಪಕ್ಕದ ಕೆಸರಿನಲ್ಲೇ ಇಳಿದೆವು. ಎರಡೂ ಕಚ್ಚಿನ ಟೈರು, ಆಮೆಯಂಥ ನಡಿಗೆ, ಜಾರಲಿಲ್ಲ. ಮಾವ ಲಾರಿಯ ಡ್ರೈವರನ್ನು ನೋಡಿ, "ಸೋಮವಾರ ದುಡಿಸಿದ್ರೆ ಹಂಗೇ ಆಗಾದು" ಎಂದರು. ಅವನಿಗೆ ಏನೂ ಅರ್ಥವಾಗಲಿಲ್ಲ.

ಹರಿಹರದಲ್ಲಿ ಮ್ಯಾನೇಜರು ರಸ್ತೆಗೇ ಬಂದು ನಿಂತಿದ್ದರು. ಇಂಟರ್ವಲ್ ಮುಗಿದು, ಸೋಪಿನ ಜಾಹೀರಾತಿನ ಸ್ಲೈಡನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರಂತೆ. ಒಳಗಿಂದ ಬೆಂಚು ಅಲುಗುವ ಸದ್ದು ಬರುತ್ತಿತ್ತು. ಆದರೆ ಮುರಿದಿರಲಿಲ್ಲ. ನನ್ನ ತಲೆಯಿಂದ ಡಬ್ಬಿ ಇಳಿಸಿಕೊಂಡು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಸಿನಿಮಾದ ಸದ್ದು ಕೇಳಿತು. ಹೊರಗೆ ಬಂದು, "ಆತು, ಇವತ್ತಿಂದು ಆತು. ನಾಳೆ ಹಿಂಗೆ ಮೆರವಣಿಗಿ ಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಬಂದ್ರೆ ಕೆಲಸ ನಿಮ್ಮದೇ" ಎಂದರು.

ಮಾವ ಟೈರಿಗೆ ಹೊಳೆಯ ನೀರು ತೋರಿಸಿಕೊಂಡು ಬಂದರು. ವಾಪಸು ಬರುವಾಗ ದಾರಿಯಲ್ಲಿ ಹೇಳಿದರು, "ಸೋಮವಾರ ಇಷ್ಟು ದೂರ ನಡೆದಾವೆ. ನಾಳೆ ಪೂರ್ತಿ ರೆಸ್ಟ್ ಕೊಡಬೇಕು."

ನನ್ನ ಗಂಡ "ಹೂಂ ಅಪ್ಪಾಜಿ" ಎಂದ.

ಮರುದಿನ ಬೆಳಗ್ಗೆ ಬೇಗ ಎದ್ದು ರೊಟ್ಟಿ ಬಡಿದೆ. ಬುತ್ತಿ ಕಟ್ಟಿ, ಮಾವನ ಚೀಲ ನಾನೇ ಹಿಡಿದುಕೊಂಡು, "ಬರ್ರಿ ಮಾವಾರೇ, ಬಸ್ಸು ಬಿಡ್ತಾರೆ" ಎಂದೆ. "ನಾನು ಇವತ್ತು ಹೋಗ್ತೀನಂತ ಯಾರು ಹೇಳಿದ್ರು?" ಎಂದರು. "ಹೊಲದಾಗೆ ಕಳೆ ಬೆಳೆದೈತೆ, ಅತ್ತಿ ಒಬ್ಬರೇ ಅದಾರೆ" ಎಂದೆ. ಬಸ್ಸಿನಲ್ಲಿ ಕೂರಿಸಿದೆ. ಬಸ್ಸು ತಿರುಗುವವರೆಗೂ ನಿಂತಿದ್ದೆ, ಇಳಿದುಬಿಟ್ಟಾರು ಎಂದು. ಮನೆಗೆ ಬಂದು ಮಲಗಿದ್ದ ಗಂಡನನ್ನು ಎಬ್ಬಿಸಿ ಮುಂದಿನ ಟೈರು ಬಿಚ್ಚಿಸಿದೆ. ಅದನ್ನು ತೊಳೆದು, ಕುಂಕುಮ ಉಜ್ಜಿ ತೆಗೆದು, ಪಿ.ಜೆ. ಬಡಾವಣೆಯ ರಸ್ತೆಯಲ್ಲಿ ಉರುಳಿಸಿಕೊಂಡು ಸಾಬರ ಅಂಗಡಿಗೆ ಹೋಗಿ, "ಸಾಲಿಂದು ಕೊಡ್ರಿ" ಎಂದೆ.