ಕಾದ ಕಲ್ಲು, ನನ್ನ ಭಾಷಣ

ನಾನು ವಿಶ್ವವಿದ್ಯಾಲಯದಲ್ಲಿ ಸಮುದಾಯ ಆರೋಗ್ಯ ಕಲಿಸುವವನು. ಅಂದರೆ ಯಾರ ರೋಗವನ್ನೂ ವಾಸಿ ಮಾಡಲು ಬಾರದೆ ಎಲ್ಲರ ರೋಗದ ಬಗ್ಗೆಯೂ ಮಾತಾಡಬಲ್ಲವನು. ಮೂಡಲಗಿ ಹತ್ತಿರದ ಕಲ್ಲೋಳಿಯ ಒಂದು ಓಣಿಯಲ್ಲಿ ಬೀರಪ್ಪನ ಗುಡಿ ಇದೆ, ಅದರ ಎದುರಿಗೇ ಮಸೀದಿ. ಗುಡಿಯ ಪಂಚರು, ಮಸೀದಿಯ ಜಮಾತಿನವರು ಮತ್ತು ನಮ್ಮ ವಿಭಾಗ ಸೇರಿ ಸಕ್ಕರೆ ಕಾಯಿಲೆಯ ತಪಾಸಣೆ ನಡೆಸುವುದೆಂದು ಮಾತಾಯಿತು. ಜಾಗ ಅವರದು, ಚಹಾ ಅವರದು, ತಿಳಿವಳಿಕೆ ನಮ್ಮದು. ಕೊನೆಗೆ ಕಡಿಮೆ ಬಿದ್ದದ್ದು ತಿಳಿವಳಿಕೆಯೇ.

ಬೆಳಿಗ್ಗೆ ಶುರುವಾಗಬೇಕಿದ್ದ ಶಿಬಿರ ಮಟಮಟ ಮಧ್ಯಾಹ್ನಕ್ಕೆ ಬಂದು ನಿಂತಿತು. ಸಕ್ಕರೆಯ ಅಪಾಯ ಹೇಳಲು ಹೊರಟಿದ್ದ ನಾನು ದಾರಿಯಲ್ಲಿ ಗೋಕಾಕದಲ್ಲಿಳಿದು ಬೆಲ್ಲದ ಕರದಂಟು ಕೊಳ್ಳುತ್ತ ನಿಂತಿದ್ದೆ. ಬೇಸಿಗೆಯ ಬಿಸಿಲು. ಗುಡಿಯ ಅಂಗಳಕ್ಕೆಲ್ಲ ಕಲ್ಲು ಹಾಸಿದ್ದರು. ಪೂಜಾರಿ ಅಜ್ಜಾರು ಅದರ ನಡುವೆ ಬರಿಗಾಲಲ್ಲಿ ನಿಂತು, "ಬರ್ರಿ ಸರ, ಬರ್ರಿ" ಎಂದು ಕರೆದರು. ಶೂ, ಸಾಕ್ಸ್ ಬಿಚ್ಚಿ, ದೊಡ್ಡ ಮನುಷ್ಯನ ಗತ್ತಿನಲ್ಲಿ ಹೆಜ್ಜೆಯಿಟ್ಟೆ. ನಾಲ್ಕು ಹೆಜ್ಜೆಗೆ ಗತ್ತು ಹೋಗಿ ಕುಣಿತ ಶುರುವಾಯಿತು. ಬೇವಿನ ಗಿಡದ ಕೆಳಗೆ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಜ್ಜಾರು ಮಾತ್ರ ನೆರಳಲ್ಲಿ ನಿಂತವರ ಹಾಗೆ ನಿಂತು ನನ್ನ ಕೈ ಹಿಡಿದುಕೊಂಡರು.

ಹೋದ ಮಾನ ಉಳಿಸಿಕೊಳ್ಳಲು ನನಗಿರುವುದು ಒಂದೇ ವಿದ್ಯೆ. ಮೈಕು ಹಿಡಿದೆ. "ನಾನು ಅರೆಗಳಿಗೆ ನಿಲ್ಲಲಾರದ ಕಲ್ಲಿನ ಮೇಲೆ ಈ ಅಜ್ಜಾರು ಕದಲದೆ ನಿಂತಿದ್ದಾರೆ. ಭಕ್ತಿಯ ಶಕ್ತಿ ಅಂದರೆ ಇದು!" ಎಂದೆ. ಅಂಥ ಚಪ್ಪಾಳೆ ನನಗೆ ಕ್ಲಾಸಿನಲ್ಲಿ ಒಮ್ಮೆಯೂ ಬಿದ್ದಿಲ್ಲ. ಹಿಗ್ಗಿನಲ್ಲಿ, ಅಜ್ಜಾರ ರಕ್ತ ತಪಾಸಣೆ ಮಾಡುವುದನ್ನೇ ಮರೆತೆ.

ಸಂಜೆ ಘಟಪ್ರಭಾ ಸ್ಟೇಷನ್ನಿನಲ್ಲಿ ಕೂತು ಸಾಕ್ಸ್ ಬಿಚ್ಚಿ ನೋಡಿದರೆ ಅಂಗಾಲಿಗೆ ಬೊಬ್ಬೆ ಎದ್ದಿತ್ತು. ನನಗೇ ಹೀಗಾದರೆ ಅಷ್ಟು ಹೊತ್ತು ನಿಂತ ಅಜ್ಜಾರಿಗೆ? ಆಗ ಹೊಳೆಯಿತು. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿನ ಸ್ಪರ್ಶ ಹೋಗುತ್ತದೆ, ಸುಟ್ಟರೂ ತಿಳಿಯುವುದಿಲ್ಲ, ಗಾಯ ಕೊಳೆತರೆ ಕಾಲೇ ಹೋಗಬಹುದು. ಇದು ಪ್ರತಿ ವರ್ಷ ಚಿತ್ರ ಹಾಕಿ ನಾನೇ ಮಾಡುವ ಪಾಠ. ಪರೀಕ್ಷೆಯಲ್ಲಿ ಯಾರಾದರೂ ಇದಕ್ಕೆ 'ಭಕ್ತಿಯ ಶಕ್ತಿ' ಎಂದು ಉತ್ತರ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಮರುದಿನ ಮತ್ತೆ ಕಲ್ಲೋಳಿಗೆ ಓಡಿದೆ. ಅಜ್ಜಾರು ಅದೇ ಕಲ್ಲಿನ ಮೇಲೆ ನಿಂತಿದ್ದರು, ಜನ ಸಾಲಾಗಿ ಬಂದು ಕಾಲು ಮುಟ್ಟಿ ಹೋಗುತ್ತಿದ್ದರು. ಬದಿಗೆ ಕರೆದು ಅಂಗಾಲು ನೋಡಿದೆ. ಹಿಮ್ಮಡಿ ಸುಟ್ಟು ಬಾಯಿ ಬಿಟ್ಟು, ಗಾಯದ ತುಂಬ ಮಣ್ಣು ಮೆತ್ತಿತ್ತು.

"ಅಜ್ಜಾರ, ಇದು ಕಾಯಿಲೆ. ದವಾಖಾನೆಗೆ ಹೋಗೋಣ. ಬಿಸಿಲಲ್ಲಿ ಚಾಪೆ ಹಾಸಿಕೊಂಡು ನಿಲ್ಲಿ," ಎಂದೆ.

"ಏನ್ರಿ ಸರ, ನಿನ್ನೆ ಮೈಕಿನಾಗ ಭಕ್ತಿ ಅಂದ್ರಿ, ಇವತ್ತ ಕಿವ್ಯಾಗ ಬ್ಯಾನಿ ಅಂತೀರಿ! ಮಂದಿ ಬಂದು ಕಾಲ ಮುಟ್ಟಾಕತ್ತಾರ. ಈಗ ಚಾಪಿ ಮ್ಯಾಲ ನಿಂತ್ರ ಪೂಜಾರಿ ಭಕ್ತಿ ಕಮ್ಮಿ ಆತು ಅನ್ನಂಗಿಲ್ಲೇನ್ರಿ?"

ಅವರನ್ನು ಆ ಕಲ್ಲಿಗೆ ಕಟ್ಟಿಹಾಕಿದವನು ನಾನೇ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಜಮಾತಿನ ಹಿರಿಯರೊಬ್ಬರು, "ಮೈಕಿನಾಗ ಹೇಳಿದ್ದನ್ನ ಮೈಕಿನಾಗಽ ತಿರಗಿ ಹೇಳ್ರಿ ಸರ. ಚಾಪಿ ನಾ ಕೊಡ್ತೇನಿ," ಎಂದರು. ಶುಕ್ರವಾರದ ನಮಾಜಿಗೆ ಮಸೀದಿಯ ಅಂಗಳದಲ್ಲಿ ಹಾಸುವ ಚಾಪೆಗಳನ್ನು ಅವರೇ ಹೊತ್ತು ತಂದರು.

ಸಂಜೆ ಭಜನೆಗೆ ಎರಡೂ ಕಡೆಯ ಜನ ಸೇರಿದಾಗ ಮೈಕು ಹಿಡಿದೆ. "ನಿನ್ನೆ ನಾನು ಹೇಳಿದ್ದು ತಪ್ಪು. ಅಜ್ಜಾರ ಭಕ್ತಿ ದೊಡ್ಡದೇ. ಆದರೆ ಕಾಲಿಗೆ ಬಿಸಿ ತಿಳಿಯದಿರುವುದು ರೋಗ. ನಿನ್ನೆ ಇಲ್ಲಿ ನೆಟ್ಟಗಿದ್ದದ್ದು ನನ್ನ ಕಾಲು, ಕೆಟ್ಟದ್ದು ನನ್ನ ತಲೆ." ಜನ ಬಿದ್ದು ಬಿದ್ದು ನಕ್ಕರು. ನಗು ಇಳಿದ ಮೇಲೆ ಮಸೀದಿ ಕಡೆಯ ಒಬ್ಬ ಅಜ್ಜಿ ಎದ್ದು, "ನನ್ನ ಕಾಲಿಗೂ ಬಿಸಿ ತಿಳ್ಯೂದಿಲ್ರಿ ಸರ," ಎಂದರು. ಅವರ ಹಿಂದೆ ಇನ್ನೊಬ್ಬರು ಎದ್ದರು.

ಅಜ್ಜಾರು ದವಾಖಾನೆಗೆ ಬಂದರು. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಡಾಕ್ಟರು ಅವರ ಕಣ್ಣು ಮುಚ್ಚಿಸಿ, ಪಾದಕ್ಕೆ ಹತ್ತಿ ಮುಟ್ಟಿಸಿ, "ಗೊತ್ತಾಗತೈತೇನ್ರಿ?" ಎಂದು ಕೇಳುತ್ತ ಹೋದರು. ಡಾಕ್ಟರಿಗೆ ಬೇಜಾರಾಗಬಾರದೆಂದು ಅಜ್ಜಾರು, ಮುಟ್ಟದಿದ್ದಾಗಲೂ "ಹ್ಞೂಂ" ಎಂದರು. ಗಾಯ ನಿಧಾನವಾಗಿ ಮಾಯಿತು, ಕಾಲು ಉಳಿಯಿತು. ಸ್ಪರ್ಶ ಮಾತ್ರ ತಿರುಗಿ ಬರಲಿಲ್ಲ.

ಈಗ ನಾನು ಹೋದಾಗಲೆಲ್ಲ ಅಜ್ಜಾರು ಚಾಪೆಯ ಅಂಚಿಗೆ ಬಂದು ನಿಂತು, "ಸರ, ಕಲ್ಲ ಕಾದೈತೇನ ನೋಡ್ರಿ," ಎನ್ನುತ್ತಾರೆ. ನಾನು ಶೂ ಬಿಚ್ಚಿ ಕಾಲಿಟ್ಟು ಕುಣಿಯುತ್ತೇನೆ. ಅವರು ಚಾಪೆಯ ಮೇಲೇ ಉಳಿಯುತ್ತಾರೆ.