ನಿಂಗಪ್ಪ ಕಾಕಾನ ಹೆಸರಿನ ನುಡಿ

ಆಗ ಹಾಡು ಬೇಕೆಂದರೆ ಖಾಲಿ ಕ್ಯಾಸೆಟ್ ಹಿಡಿದು ಬಸ್ಸು ಹತ್ತಿ ಬರಬೇಕಿತ್ತು. ಹಾನಗಲ್ಲಿನವರು, ಶಿಗ್ಗಾವಿಯವರು, ಹಿರೇಕೆರೂರ ಕಡೆಯ ಹಳ್ಳಿಯವರು ಸವಣೂರಿನ ನಮ್ಮ ಅಬ್ಬಾನ ಅಂಗಡಿಗೆ ಬಂದು, ಬಾಕಿನ ಮೇಲೆ ಕುಳಿತು, ಹಾಡು ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಹರಿಯುವುದನ್ನು ಕಾಯುತ್ತಿದ್ದರು. ಅರ್ಧ ತಾಸಿನ ಹಾಡಿಗೆ ಅರ್ಧ ತಾಸು. ಅದಕ್ಕಿಂತ ಬೇಗ ಆಗುತ್ತಿರಲಿಲ್ಲ, ಬೇಗ ಆಗಬೇಕೆಂದು ಯಾರೂ ಅನ್ನುತ್ತಲೂ ಇರಲಿಲ್ಲ. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ಇದು ಗೊತ್ತಿರುತ್ತದೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಇಷ್ಟೆಲ್ಲ ಬರೆಯಲು ಕುಳಿತಿದ್ದು ನನ್ನ ಮೊಮ್ಮಗಳು ಸನಾಳ ಸಲುವಾಗಿ. ಏಳನೇ ಇಯತ್ತೆಯ ಹುಡುಗಿ, ಅವಳು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಎದೆ ತುಂಬಿ ಬರುತ್ತದೆ, ಯಾರ ಮುಂದೆ ಎಷ್ಟು ಹೇಳಿದರೂ ಸಾಲದು. ಅದರ ಜೊತೆಗೇ ಒಂದು ದಣಿವೂ ಬರುತ್ತದೆ. ಅದು ಯಾಕೆಂದು ಹೇಳಬೇಕಾದರೆ ನಾನು ಹತ್ತು ವರ್ಷದವಳಿದ್ದಾಗಿನ ಒಂದು ದಸರಾ ಸೂಟಿಗೆ ಹೋಗಬೇಕು.

ಅಬ್ಬಾ ರೇಡಿಯೋ ರಿಪೇರಿ ಮಾಡುತ್ತಿದ್ದ. ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ. ಒಂದು ಬದಿಗೆ ನಮ್ಮೂರ ಕರಿದ ತಿಂಡಿ ಖಾರ ಮಾಡುವವರು, ಇನ್ನೊಂದು ಬದಿಗೆ ಎಲೆಯ ಪೆಂಡಿ ಕಟ್ಟುವವರು. ಹೀಗಾಗಿ ನಮ್ಮ ಅಂಗಡಿಯಲ್ಲಿ ಮೂರು ವಾಸನೆ: ಕಾದ ಎಣ್ಣೆಯದು, ನೀರು ಚಿಮುಕಿಸಿದ ವೀಳ್ಯದೆಲೆಯದು, ಬೆಸುಗೆ ಕಡ್ಡಿ ತಾಗಿದಾಗ ಸುಡುವ ರಾಳದ್ದು. ಆ ರಾಳದ ಹೊಗೆ ನನಗೆ ಎಷ್ಟು ಸೇರುತ್ತಿತ್ತೆಂದರೆ, ಮೂಗು ಚಾಚಿಕೊಂಡು ಹೋಗಿ ಬೈಸಿಕೊಳ್ಳುತ್ತಿದ್ದೆ. ಯಾವ ರೇಡಿಯೋ ಬಂದರೂ ಹಿಂದೆ ನಾಲ್ಕು ತಿರುಪು. ಬಿಚ್ಚಿದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಸತ್ತ ಭಾಗ ಯಾವುದು, ಜೀವ ಇರುವುದು ಯಾವುದು ಎಂದು ಅಬ್ಬಾ ತೋರಿಸುತ್ತಿದ್ದ. ಈಗ ನನ್ನ ಅಳಿಯನದು ಮೊಬೈಲ್ ಅಂಗಡಿ. ಫೋನಿಗೆ ತಿರುಪಿಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಕೆಟ್ಟರೆ ಹೊಸದು ತಗೊಳ್ಳಿರಿ ಅನ್ನುತ್ತಾನೆ. ಅವನ ತಪ್ಪಲ್ಲ, ಪಾಪ. ಬಿಚ್ಚಲಿಕ್ಕೆ ಬಾರದಂತೆ ಮಾಡಿದ ವಸ್ತುವನ್ನು ಅವನಾದರೂ ಏನು ಮಾಡಬೇಕು?

ಹರಿದ ಕ್ಯಾಸೆಟ್ಟಿನ ಕಂದು ಪಟ್ಟಿ ನಮ್ಮ ಪಾಲಿಗೆ. ಓಣಿಯ ಹುಡುಗಿಯರೆಲ್ಲ ಅದನ್ನು ಬೇವಿನ ಗಿಡಕ್ಕೆ ಕಟ್ಟಿ, ಗಾಳಿಗೆ ಅದು ಸುಂಯ್ ಅನ್ನುವುದನ್ನು ಕೇಳುತ್ತ ಗಜ್ಜುಗ ಆಡುತ್ತಿದ್ದೆವು.

ಆ ವರ್ಷ ದಸರಾ ಸೂಟಿ ಮತ್ತು ಮೊಹರಂ ಎರಡೂ ಹಿಂದೆಮುಂದೆ ಬಂದಿದ್ದವು. ಮೊಹರಮ್ಮಿಗೆ ನಮ್ಮ ಕಡೆ ಅಲಾವಿ ಹಬ್ಬ ಅನ್ನುತ್ತಾರೆ. ಹಬ್ಬದಲ್ಲಿ ಮೇಳ ಕಟ್ಟಿಕೊಂಡು ಹೆಜ್ಜೆ ಹಾಕುತ್ತ ಪದ ಹಾಡುವ ಪದ್ಧತಿ. ಪದ ಕಟ್ಟುವವರಲ್ಲಿ, ಹಾಡುವವರಲ್ಲಿ ಹಿಂದೂಗಳೇ ಹೆಚ್ಚು. ದುಂಡಸಿಯ ನಿಂಗಪ್ಪ ಕಾಕಾ ಅಂಥವನು. ಕಂಬಳಿ ನೇಯುವವನು, ಓದು ಬರಹ ಇಲ್ಲ, ಮಗ್ಗದ ಮುಂದೆ ಕುಳಿತು ಬಾಯಲ್ಲೇ ಪದ ಕಟ್ಟುತ್ತಿದ್ದ. ಆ ವರ್ಷ ಕರ್ಬಲಾದ ಕಾಳಗದಲ್ಲಿ ನೀರು ಸಿಗದೆ ಮಡಿದವರ ನೀರಡಿಕೆಯ ಮೇಲೆ ಒಂದು ಪದ ಕಟ್ಟಿ, ಮೇಳ ಕರೆದುಕೊಂಡು ನಮ್ಮ ಅಂಗಡಿಗೇ ಬಂದು ಕ್ಯಾಸೆಟ್ಟಿಗೆ ತುಂಬಿಸಿದ. ಹಾಡುವಾಗ ಎಲೆ ಕಟ್ಟುವ ಹೆಂಗಸರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡರು.

ಪದದ ಕೊನೆಗೆ ಹೆಸರಿನ ನುಡಿ ಎಂದು ಒಂದು ಇರುತ್ತದೆ. ಅಲ್ಲಿಯವರೆಗೂ ಬಾರಿಸಿದ ದಪ್ಪು ನಿಲ್ಲುತ್ತದೆ, ಹಾಡುವವನು ಒಂದು ಉಸಿರು ತೆಗೆದುಕೊಂಡು ತಾಳವಿಲ್ಲದೆ ನಿಧಾನವಾಗಿ ಹೇಳುತ್ತಾನೆ. ನಿಂಗಪ್ಪ ಕಾಕಾನ ನುಡಿ ಹೀಗಿತ್ತು:

ದುಂಡಸಿ ಊರಾಗ ನಿಂಗ ಕಟ್ಟಿದ ಪದ
ತಪ್ಪಿದ್ದರ ತಿದ್ದಿ ಹಾಡ್ರೆಪ್ಪಾ.

ಯಾರು ಬೇಕಾದರೂ ಪದ ಒಯ್ಯಬಹುದಿತ್ತು. ಮಾತು ಹೆಚ್ಚುಕಡಿಮೆ ಮಾಡಬಹುದಿತ್ತು, ರಾಗ ಬದಲಿಸಬಹುದಿತ್ತು. ಹೆಸರಿನ ನುಡಿಯನ್ನು ಮಾತ್ರ ಬಿಡುವಂತಿರಲಿಲ್ಲ. ಕಾಯ್ದೆ ಅಂದರೆ ಇಷ್ಟೇ, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಅಬ್ಬಾ ಸಿನಿಮಾ ಹಾಡು ತುಂಬಿಸುವಾಗ ಕ್ಯಾಸೆಟ್ಟಿನಲ್ಲಿ ಜಾಗ ಸಾಲದಿದ್ದರೆ ಅರ್ಧಕ್ಕೆ ನಿಲ್ಲಿಸುತ್ತಿದ್ದ. ಅಲಾವಿ ಪದವನ್ನು ಮಾತ್ರ ಎಂದೂ ಹಾಗೆ ಮಾಡಿದವನಲ್ಲ.

ಮಾಡಿದವಳು ನಾನು.

ಶುಕ್ರವಾರ ಮಧ್ಯಾಹ್ನ. ಮಾಸೂರಿನಿಂದ ಹನುಮಂತ ಎಂಬವನು ಬಂದು ಕುಳಿತಿದ್ದ, ಅಲ್ಲಿಯ ಮೇಳದ ಮುಂದಾಳು. ಅಬ್ಬಾ ನಿಂಗಪ್ಪ ಕಾಕಾನ ಪದ ಹಚ್ಚಿ, ಜುಮ್ಮಾ ನಮಾಜಿಗೆ ಎದ್ದ. ಪದ ಮುಗಿದ ಮೇಲೆ ಗುಂಡಿ ಒತ್ತು, ಹಿಂದಿನ ಎರಡು ಹಲ್ಲು ಮುರಿದು ಕೊಡು ಎಂದು ನನಗೆ ಹೇಳಿ ಹೋದ. ಹಲ್ಲು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೆ ಏನೂ ತುಂಬುವುದಿಲ್ಲ. ಅದು ನನಗೆ ಬಹಳ ಪ್ರೀತಿಯ ಕೆಲಸ, ತಿರುಪುಳಿ ಇಟ್ಟು ಚಟ್ ಎಂದು ಮುರಿಯುವುದು.

ಹನುಮಂತ ಖಾರ ತಿನ್ನುತ್ತ ಬಾಗಿಲ ಕಡೆಗೇ ನೋಡುತ್ತಿದ್ದ. ಹಾವೇರಿ ಬಸ್ಸು ಬಂತು, ಹಾರ್ನು ಹೊಡೆಯಿತು. ಅದು ಹೋದರೆ ಮುಂದಿನದು ಸಂಜೆಗೆ. ಓಣಿಯಲ್ಲಿ ಗೆಳತಿಯರು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ದಪ್ಪು ನಿಂತಿತು. ಉಳಿದದ್ದು ಹೆಸರಿನ ನುಡಿ ಎಂದು ನನಗೆ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಇಷ್ಟು ಉದ್ದದ ಪದದಲ್ಲಿ ಆ ಎರಡು ಸಾಲು ಇಲ್ಲದಿದ್ದರೆ ಯಾರಿಗೆ ತಿಳಿಯುತ್ತದೆ ಅನ್ನಿಸಿತು. ಗುಂಡಿ ಒತ್ತಿದೆ. ಹಲ್ಲು ಮುರಿದೆ. ಹನುಮಂತ ಓಡಿ ಬಸ್ಸು ಹಿಡಿದ, ನಾನು ಗಜ್ಜುಗ ಆಡಲು ಹೋದೆ.

ಎಂಟು ಹತ್ತು ದಿನದ ಮೇಲೆ ನಿಂಗಪ್ಪ ಕಾಕಾ ಅಂಗಡಿಗೆ ಬಂದ. ಜಗಳಕ್ಕೆ ಬಂದವನ ಹಾಗಿರಲಿಲ್ಲ. ಬಾಕಿನ ಮೇಲೆ ಕುಳಿತು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಬ್ಬಾ ಚಹಾ ತರಿಸಿದ. ಕಾಕಾ ಅದನ್ನು ಮುಟ್ಟಲಿಲ್ಲ.

"ಮಾಸೂರಾಗ ನನ್ನ ಪದ ಹಾಡಾಕತ್ತಾರಂತ. ನಮ್ಮೂರವರು ಕೇಳಿ ಬಂದ್ರು. ಕಡೀಗೆ ಅವರ ಗುರುವಿನ ಹೆಸರು ಹಾಕ್ಯಾರಂತ," ಎಂದ.

"ಹಂಗ ಹ್ಯಾಂಗ ಅಕ್ಕೈತಿ? ನಾನಽ ತುಂಬಿಸಿ ಕೊಟ್ಟೇನಿ," ಎಂದ ಅಬ್ಬಾ.

"ನೀ ಮಾಡಿರಾಕಿಲ್ಲ, ಗೊತ್ತೈತಿ. ಆದರ ಒಂದ ಕೇಳ್ತೇನಿ. ಹೊಲ ಇಲ್ಲ, ಮನಿ ಇಲ್ಲ, ಮಕ್ಕಳಿಲ್ಲ. ನಾ ಹ್ವಾದ ಮ್ಯಾಲೆ ನಿಂಗ ಅಂಬಾವ ಒಬ್ಬ ಇದ್ದ ಅಂತ ಹೇಳೂದು ಆ ಎರಡು ಸಾಲಽ ಅಲ್ಲೇನು?"

ಅಬ್ಬಾ ಸಿಟ್ಟಿನಿಂದ ಮಾಸೂರಿನವರನ್ನು ಬೈಯತೊಡಗಿದ. ಕಳ್ಳರು, ಬೇಕೆಂದೇ ಅಳಿಸಿದ್ದಾರೆ, ಇನ್ನು ಅವರಿಗೆ ಒಂದು ಹಾಡೂ ಕೊಡುವುದಿಲ್ಲ ಎಂದ. ನಾನು ಮೂಲೆಯಲ್ಲಿ ಬಲ್ಬಿನ ಡಬ್ಬಿ ಜೋಡಿಸುತ್ತ ಕುಳಿತಿದ್ದೆ. ಸುಮ್ಮನಿದ್ದರೆ ನಡೆಯುತ್ತಿತ್ತು. ಹನುಮಂತ ನನಗೆ ಒಂದು ಮುಷ್ಟಿ ಖಾರ ಕೊಟ್ಟಿದ್ದ. ಅದು ನೆನಪಾಗಿ ಅಳು ಬಂತು. ಅಳುತ್ತಲೇ ಹೇಳಿಬಿಟ್ಟೆ.

ಅಬ್ಬಾ ಹೊಡೆಯಲಿಲ್ಲ. ಅಂಗಡಿಯಲ್ಲಿ ಅವನು ನನ್ನ ಜೊತೆಗೂ ಕನ್ನಡದಲ್ಲೇ ಮಾತಾಡುತ್ತಿದ್ದ. "ನಾಳೆ ಮಾಸೂರಿಗೆ ಹೋಗೂಣು. ಅಲ್ಲೆ ನೀನಽ ಹೇಳಬೇಕು, ನಾ ಹೇಳೂದಿಲ್ಲ," ಎಂದ. ನೀನೂ ಬಾ ಎಂದು ಕಾಕಾನನ್ನು ಕರೆದ. ಕಾಕಾ ರುಮಾಲು ಸುತ್ತಿಕೊಂಡ. "ನನ್ನ ಹೆಸರು ನಾನಽ ಬೇಡಾಕ ಹೋಗ್ಲೇನು?" ಎಂದು ಎದ್ದು ನಡೆದ.

ಹಬ್ಬ ನಾಲ್ಕು ದಿನ ಇರುವಾಗ, ಅಂಗಡಿಗೆ ಹೆಚ್ಚು ಮಂದಿ ಬರುವ ದಿನವೇ, ಅಬ್ಬಾ ಬಾಗಿಲು ಹಾಕಿದ. ಟೇಪ್ ರೆಕಾರ್ಡರನ್ನು ಚಾದರದಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ಹಾವೇರಿಯಲ್ಲಿ ಇಳಿದು ಹತ್ತಿ, ಹಿರೇಕೆರೂರಿನಲ್ಲಿ ಇಳಿದು ಹತ್ತಿ, ಮಾಸೂರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನನಗೆ ಎರಡು ಸಲ ವಾಂತಿಯಾಯಿತು. ಅಬ್ಬಾ ಬೆನ್ನು ಸವರಿ ನೀರು ಕುಡಿಸಿದ, ಅಷ್ಟೇ.

ಮದಗದ ಕೆರೆಯ ನೀರು ಕುಡಿದ ಗದ್ದೆಗಳ ಆಚೆ, ಒಂದು ಹುಣಸೆ ಮರದ ಕೆಳಗೆ ಮೇಳದವರು ಕುಳಿತಿದ್ದರು. ಗದ್ದೆ ಕೆಲಸದ ನಡುವೆ ಬುತ್ತಿಯ ಹೊತ್ತು. ಹನುಮಂತ ಗುರುತು ಹಿಡಿದು ಬರ್ರಿ, ಕುಂದರ್ರಿ ಎಂದ. ಅಬ್ಬಾ ಕೂರಲಿಲ್ಲ. ನನ್ನನ್ನು ಮುಂದೆ ನಿಲ್ಲಿಸಿದ. ನಾನು ಹೇಳಿದೆ, ಹೇಗೆ ಹೇಳಿದೆನೋ ಗೊತ್ತಿಲ್ಲ. ಮುಗಿದ ಮೇಲೆ ಒಬ್ಬ ನನ್ನ ಕೈ ಹಿಡಿದು ತಿರುವಿ ನೋಡಿ, "ಇಷ್ಟ ಸಣ್ಣ ಕೈಲೆ ಅಷ್ಟ ದೊಡ್ಡ ಪದ ಕಡದಿ ಬಿಡವ್ವಾ," ಎಂದ. ಎಲ್ಲರೂ ನಕ್ಕರು. ಅಬ್ಬಾ ನಗಲಿಲ್ಲ.

ಹನುಮಂತನೂ ನಗಲಿಲ್ಲ. ಅವನಿಗೆ ಬೇರೆಯದೇ ಕಷ್ಟ. ಪದ ಹೆಸರಿಲ್ಲದೆ ಬಂದಿತ್ತು, ಹೆಸರಿಲ್ಲದ ಪದವನ್ನು ಹಬ್ಬದಲ್ಲಿ ಹಾಡುವಂತಿಲ್ಲ, ಅದಕ್ಕೇ ತೀರಿಕೊಂಡ ತಮ್ಮ ಗುರುವಿನ ಹೆಸರನ್ನು ಸೇರಿಸಿದ್ದರು. ಆ ಗುರುವಿನ ಅಣ್ಣ ಅಲ್ಲೇ ಕುಳಿತಿದ್ದ, ಬಾಯಲ್ಲಿ ಹಲ್ಲಿಲ್ಲದ ಮುದುಕ. ಒಮ್ಮೆ ಇಟ್ಟ ಹೆಸರನ್ನು ಅವನ ಎದುರಿಗೇ ಕಿತ್ತು ಹಾಕುವುದು ಹೇಗೆ?

ಅಬ್ಬಾ ಟೇಪು ಬಿಚ್ಚಿ, ಕೊನೆಯ ನುಡಿಯನ್ನು ಹಚ್ಚಿದ. ಗದ್ದೆಯಲ್ಲಿದ್ದ ಹೆಂಗಸರೂ ಬಂದು ನಿಂತರು. ದಪ್ಪು ನಿಂತಿತು, ಕಾಕಾ ಉಸಿರು ತೆಗೆದುಕೊಂಡದ್ದು ಕೇಳಿಸಿತು, ಆಮೇಲೆ ಆ ಎರಡು ಸಾಲು. ಮುದುಕ ಮತ್ತೊಮ್ಮೆ ಹಚ್ಚಲು ಹೇಳಿದ. ಮತ್ತೆ ಹಚ್ಚಿದೆವು.

"ನಮ್ಮ ತಮ್ಮನ ಹೆಸರು ತಗೀರಿ," ಎಂದ. "ಅವ ಇದ್ದಿದ್ರ ಮೊದಲ ಅವನಽ ತಗೀತಿದ್ದ."

ಅಷ್ಟಾದ ಮೇಲೆ ಅಬ್ಬಾ ಕುಳಿತ. ಅವರ ಬುತ್ತಿಯಲ್ಲೇ ನಮಗೂ ಪಾಲು: ಅನ್ನ, ಕೆರೆ ಮೀನಿನ ಸಾರು, ಹಸಿ ಉಳ್ಳಾಗಡ್ಡಿ. ಅಂಥ ಸಾರನ್ನು ನಾನು ಮತ್ತೆ ಎಲ್ಲೂ ಉಂಡಿಲ್ಲ. ಅಬ್ಬಾ ಮುಳ್ಳು ಬಿಡಿಸಿ ಬಿಡಿಸಿ ನನ್ನ ಎಲೆಗೆ ಹಾಕಿದ, ಹಾಗಾಗಿ ಸಿಟ್ಟು ಇಳಿದದ್ದು ತಿಳಿಯಿತು. ಹನುಮಂತ ನುಡಿಯನ್ನು ಕಲಿತು, ನಮ್ಮೆದುರಿಗೇ ಹಾಡಿ ತೋರಿಸಿದ.

ಮರುದಿನ ದುಂಡಸಿಗೆ ಹೋಗಿ ಕಾಕಾನಿಗೆ ಎಲ್ಲ ಹೇಳಿದೆವು. ಅವನು ಮಗ್ಗ ನಿಲ್ಲಿಸದೆ ಕೇಳಿದ. ಕೊನೆಗೆ ಕೇಳಿದ್ದು ಒಂದೇ ಮಾತು: "ನಾ ಉಸಿರು ತಗೊಂಡಲ್ಲೆ ಅವನೂ ತಗೊಂಡನೇನು?" ಹೌದು ಎಂದೆ. ಕಾಕಾನ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು.

ಈಗ ಸನಾಳ ಕೆಲಸ ಹೇಳುತ್ತೇನೆ. ಅಬ್ಬಾ ಹೋಗಿ ಬಹಳ ವರ್ಷವಾಯಿತು, ಕಾಕಾ ಅದಕ್ಕೂ ಮೊದಲೇ ಹೋದ. ಟ್ರಂಕಿನಲ್ಲಿ ಆ ಕ್ಯಾಸೆಟ್ ಬೂಸ್ಟು ಹಿಡಿದು ಬಿದ್ದಿತ್ತು. ಹೋದ ಬೇಸಿಗೆಯಲ್ಲಿ ಈ ಹುಡುಗಿ ಅದನ್ನು ಹತ್ತಿಯಿಂದ ಒರೆಸಿ, ಅಬ್ಬಾನ ಹಳೆಯ ಟೇಪನ್ನು ಬಿಚ್ಚಿ, ಸಡಿಲಾದ ರಬ್ಬರಿನ ಬದಲಿಗೆ ಬೇರೆ ರಬ್ಬರು ಹಾಕಿ, ವಾಯರು ಜೋಡಿಸಿ, ಪದವನ್ನು ಕಂಪ್ಯೂಟರಿಗೆ ಇಳಿಸಿದಳು. ಆ ಟೇಪಿಗೆ ಇನ್ನೂ ತಿರುಪು ಇದ್ದವಲ್ಲ. ಕಾಕಾನ ದನಿ ಬಂದಾಗ ನಾನು ಒಲೆಯ ಮೇಲಿನ ಹಾಲು ಮರೆತೆ. ಮುತ್ತಜ್ಜನ ಕೈ ಈ ಹುಡುಗಿಗೆ ಬಂದಿದೆ ಎಂದು ಇಡೀ ಓಣಿಗೆ ಸಕ್ಕರೆ ಹಂಚಿದೆ.

ಕಾಕಾನ ಹೆಸರು, ಊರು ಹಾಕಿ ಅವಳು ಅದನ್ನು ಎಲ್ಲರೂ ವಿಡಿಯೋ ನೋಡುವಲ್ಲಿ ಬಿಟ್ಟಳು. ಹಾನಗಲ್ಲಿನಿಂದ, ಮಾಸೂರಿನಿಂದ ಗುರುತಿಲ್ಲದವರು ಬರೆದರು. ಹತ್ತು ದಿನ ನನಗೆ ನೆಲದ ಮೇಲೆ ಕಾಲಿರಲಿಲ್ಲ. ಹನ್ನೊಂದನೆಯ ದಿನ ದನಿ ಹೋಯಿತು. ಚಿತ್ರ ಓಡುತ್ತದೆ, ಹಾಡಿಲ್ಲ. ಈ ಹಾಡು ಇನ್ನೊಬ್ಬರ ಸ್ವತ್ತು ಎಂದು ಬರೆದು ಬಂದಿತ್ತು. ಯಾವುದೋ ಕಂಪನಿ, ಯಾವುದೋ ಕಾಲದಲ್ಲಿ, ಯಾವುದೋ ಮೇಳದಿಂದ ಇದೇ ಪದ ಹಾಡಿಸಿ ತನ್ನದೆಂದು ಬರೆಸಿಕೊಂಡಿದೆಯಂತೆ. ಸನಾ ಅವರದನ್ನೂ ಹುಡುಕಿ ಕೇಳಿಸಿದಳು. ದಪ್ಪು ನಿಲ್ಲುತ್ತದೆ, ಪದವೂ ಅಲ್ಲಿಗೇ ಮುಗಿಯುತ್ತದೆ.

ತಕರಾರು ಸಲ್ಲಿಸಲು ಒಂದು ಅರ್ಜಿ ಇತ್ತು. ಸನಾ ಓದಿ ಹೇಳಿದಳು: ಈ ಹಾಡಿನ ಮಾಲೀಕರು ನೀವೇ ಏನು? ಒತ್ತಲು ಎರಡೇ ಉತ್ತರ: ಹೌದು, ಅಲ್ಲ.

"ಹೌದು ಒತ್ತಲೇನು ನಾನಿ? ಒತ್ತಿದರ ದನಿ ವಾಪಸ್ ಬರಬಹುದು."

ಅವಳ ಬೆರಳು ಗಾಜಿನ ಮೇಲೆ ತಯಾರಾಗಿ ನಿಂತಿತ್ತು. ಮಾಲೀಕರು ನಾವಲ್ಲ. ಕಟ್ಟಿದವನು ಯಾರು ಎಂದು ಆ ಅರ್ಜಿ ಕೇಳುವುದಿಲ್ಲವೇ ಎಂದೆ. ಹುಡುಕಿ ನೋಡಿ, ಅದಕ್ಕೆ ಜಾಗ ಇಲ್ಲ ಎಂದಳು. ಪದದಲ್ಲೇ ಅವನ ಹೆಸರಿದೆಯಲ್ಲ, ಕೊನೆಯವರೆಗೂ ಕೇಳಲಿ ಎಂದೆ. ಕೇಳುವುದು ಮನುಷ್ಯರಲ್ಲ ನಾನಿ, ಯಂತ್ರ, ಎಂದಳು.

"ಒತ್ತಬ್ಯಾಡ," ಎಂದೆ.

ನನ್ನ ಕಣ್ಣೆದುರು ಬೆಳೆದ ಯಂತ್ರಗಳು ಎಷ್ಟು ಸಣ್ಣವಾದವು, ಎಷ್ಟು ಬೇಗದವಾದವು. ಅವನ್ನು ಆಡಿಸುವ ನನ್ನ ಮೊಮ್ಮಗಳನ್ನು ನೋಡಿದರೆ ಎದೆಯಲ್ಲಿ ಸಂತೋಷ ಹಿಡಿಸುವುದಿಲ್ಲ. ಆದರೆ ಸಾವಿರ ಊರಿಗೆ ಒಂದೇ ಗಳಿಗೆಯಲ್ಲಿ ಹಾಡು ಮುಟ್ಟಿಸುವ ಈ ಕಾಲದಲ್ಲಿ ತಪ್ಪಾಗಿದೆ ಎಂದು ಹೇಳಲು ಒಂದು ಮರದ ಕೆಳಗೆ ಕುಳಿತವರು ಸಿಗುವುದಿಲ್ಲ. ಮತ್ತೊಮ್ಮೆ ಹಚ್ಚು ಎಂದು ಕೇಳಿ, ತಮ್ಮವನ ಹೆಸರು ತೆಗೆಯಿರಿ ಅನ್ನುವ ಮುದುಕ ಇಲ್ಲ. ಇದ್ದರೆ ನಾಳೆಯೇ ಹೊರಡುತ್ತಿದ್ದೆ. ಈ ಮೊಣಕಾಲು ಹಿಡಿದುಕೊಂಡಾದರೂ, ಸನಾಳ ಕೈ ಹಿಡಿದುಕೊಂಡು, ಎಷ್ಟು ಬಸ್ಸು ಬದಲಿಸಬೇಕಾದರೂ ಸರಿ. ಯಾವ ಊರಿಗೆ ಎಂದು ಯಾರಾದರೂ ಹೇಳಿದರೆ ಸಾಕು.