ಒಂದೇ ಅಳತೆಯ ಏಳು ಪೈಪು

ಕಾರ್ತಿಕದ ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ಶಿವಮೊಗ್ಗದಲ್ಲಿ ಭದ್ರಾವತಿಯ ಸರ್ಕಾರಿ ಬಸ್ಸು ಹತ್ತಿದೆ. ಆಧಾರ್ ತೋರಿಸಿದರೆ ನಮಗೆ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಸೀಟಿಗೆ ಮಾತ್ರ ಮೊಣಕೈಯ ಬಲ ಬೇಕು. ತೊಡೆಯ ಮೇಲೆ ಶ್ರುತಿ ಪೆಟ್ಟಿಗೆ, ಮೂಗಿನ ತುದಿಯಲ್ಲಿ ಸಿಟ್ಟು. ಮೂವತ್ತು ವರ್ಷ ಮನೆಯಲ್ಲಿ ಚಾಪೆ ಹಾಸಿ ಸಂಗೀತ ಹೇಳಿಕೊಟ್ಟವಳು ನಾನು. ಎಂಟು ತುಂಬದ ಮಕ್ಕಳನ್ನು ಹತ್ತಿರ ಸೇರಿಸಿದವಳೇ ಅಲ್ಲ. ಈಗ ಮೂರು ನಾಲ್ಕು ವರ್ಷದ ಚಿಳ್ಳೆಪಿಳ್ಳೆಗಳಿಗೆ, ಅದೂ ಮರದ ಕೆಳಗೆ, ಪಾಠವಂತೆ!

ಕರೆದವಳು ನನ್ನ ಹಳೆಯ ಶಿಷ್ಯೆ ಸುಮಂಗಲಾ. ಭದ್ರಾವತಿಯ ನ್ಯೂಟೌನಿನಲ್ಲಿ ಪುಟ್ಟ ಶಿಶುವಿಹಾರ ನಡೆಸುತ್ತಾಳೆ. ಇರುವುದೇ ಹದಿನಾಲ್ಕು ಮಕ್ಕಳು. ಬರೆಸುವುದಿಲ್ಲ, ಬರೀ ಮಣ್ಣಲ್ಲಿ ಆಡಿಸುತ್ತಾಳೆ ಎಂದು ತಾಯಿ ತಂದೆಯರ ತಕರಾರು. “ನಾಳೆ ಹನ್ನೊಂದಕ್ಕೆ ಎಲ್ಲರೂ ನೋಡೋಕೆ ಬರ್ತಾರೆ ಟೀಚರ್. ನಾಲ್ಕು ಮಕ್ಕಳು ಬಿಟ್ರೂ ನಾನು ಬಾಗಿಲು ಹಾಕ್ಬೇಕು” ಎಂದು ಫೋನಿನಲ್ಲಿ ಅತ್ತೇಬಿಟ್ಟಿದ್ದಳು. ಇದೊಂದು ಸಲ ಹೋಗುವುದು, ಮತ್ತೆ ಕರೆದರೆ ‘ಬರಲ್ಲ’ ಅಂದುಬಿಡುವುದು ಎಂದು ನಿಶ್ಚಯಿಸಿಕೊಂಡೇ ಹೊರಟಿದ್ದೆ.

ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ. ಇಪ್ಪತ್ತು ಕಿಲೋಮೀಟರು ತುಂಬದ ದಾರಿಗೆ ಮುಕ್ಕಾಲು ಗಂಟೆ. ಪಕ್ಕದ ಹೆಂಗಸು ಪೆಟ್ಟಿಗೆ ನೋಡಿ, “ಟಿಫನ್ನಾ ಅಕ್ಕಾ?” ಎಂದಳು. “ಸಂಗೀತ” ಎಂದೆ. “ಓ” ಎಂದು ಕಿಟಕಿಯ ಕಡೆ ತಿರುಗಿದಳು. ಭದ್ರಾವತಿಯಲ್ಲಿ ಇಳಿದು ಎರಡು ಇಡ್ಲಿ, ಒಂದು ವಡೆ ತಿಂದು ಆಟೋ ಹಿಡಿದೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು.

ಅಂಗಳದ ಹೊಂಗೆ ಮರಕ್ಕೆ ಅಡ್ಡ ಬಿದಿರು ಕಟ್ಟಿ, ಅದಕ್ಕೆ ಏಳು ಕಬ್ಬಿಣದ ಪೈಪು ತೂಗುಹಾಕಿದ್ದರು. ಮಾಡಿದವರು ಪಕ್ಕದ ಮನೆಯ ಸೆಲ್ವರಾಜಣ್ಣ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಟೇಪು ಹಿಡಿದೇ ಕಾಯುತ್ತಿದ್ದರು. “ನೋಡಿಮ್ಮಾ, ಒಂದು ಕೂದಲೆಳೆ ವ್ಯತ್ಯಾಸ ಇದ್ರೆ ಹೇಳಿ!”

ಮರದ ಕೋಲಿನಿಂದ ಮೊದಲನೆಯದನ್ನು ಬಡಿದೆ. ಟಿಂ. ಎರಡನೆಯದೂ ಅದೇ ಟಿಂ. ಏಳನೆಯದೂ ಅದೇ! ಸರಿಗಮಪದನಿಗೆಂದು ಏಳು ಪೈಪು ಕೇಳಿದ್ದ ಸುಮಂಗಲಾ, ಒಂದಕ್ಕಿಂತ ಒಂದು ಗಿಡ್ಡ ಇರಬೇಕು ಎಂದು ಹೇಳುವುದನ್ನೇ ಮರೆತಿದ್ದಳು.

“ಅಯ್ಯೋ ಮಾರಾಯ್ತಿ, ಏಳೂ ಒಂದೇ ಸ್ವರ ಅಲ್ವೇನೇ!” ಎಂದೆ. ಅವಳ ಮುಖ ಬಿಳಿಚಿತು.

ಸೆಲ್ವರಾಜಣ್ಣನೂ ಕುಗ್ಗಿಹೋದರು. “ಅಳತೆ ತಪ್ಪಿದ್ರೆ ನಮ್ ಸೂಪರ್‌ವೈಸರ್ ಪೀಸನ್ನ ಮುಖಕ್ಕೇ ಎಸೀತಿದ್ರಮ್ಮಾ. ಅದೇ ಅಭ್ಯಾಸ.” ಕೊಯ್ದು, ಅರದಿಂದ ಉಜ್ಜಿ, ಸ್ವರಕ್ಕೆ ತರಲು ಒಂದು ದಿನ ಬೇಕು. ಆಗಲೇ ಹತ್ತು ಗಂಟೆ.

ಅಷ್ಟರಲ್ಲಿ ಮಕ್ಕಳು ನುಗ್ಗಿದವು. ಹಿಂದಿನ ವಾರ ಒಂದೇ ಡೋಲಕ್ಕಿಗೆ ಕಚ್ಚಾಡಿ ರಕ್ತ ಬಂದಿತ್ತಂತೆ, ಸುಮಂಗಲಾ ಕಣ್ಣು ಮುಚ್ಚಿಕೊಂಡಳು. ಮಕ್ಕಳು ಒಂದು ಬಡಿದವು, ಪಕ್ಕದ್ದು ಬಡಿದವು, ಕಿತ್ತುಕೊಳ್ಳುವಂಥದ್ದು ಏನೂ ಕಾಣದೆ ಇಬ್ಬಿಬ್ಬರಂತೆ ನಿಂತುಬಿಟ್ಟವು. ನಾನು ಶ್ರುತಿ ಪೆಟ್ಟಿಗೆ ಹಾಕಿದೆ. ರಸ್ತೆಯ ಲಾರಿಗಳ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಏನಾದರಾಗಲಿ ಎಂದು ಪೈಪನ್ನೇ ಬಡಿದು, ಅದರ ಜೊತೆ “ಸಾ” ಎಂದು ಎಳೆದೆ. ನನ್ನ ಗಂಟಲಿಗೆ ಆ ಶ್ರುತಿ ತುಸು ಎತ್ತರವಾಯಿತು, ಮಕ್ಕಳಿಗೆ ಹೇಳಿ ಮಾಡಿಸಿದಂತಿತ್ತು.

ಮೊದಲು ಬರೀ ಕಿರುಚಾಟ. ಆಮೇಲೆ ಚಾರ್ವಿ ಎಂಬ ನಾಲ್ಕು ವರ್ಷದವಳು ಪೈಪಿಗೆ ಕಿವಿ ಹಚ್ಚಿ, “ಸದ್ದು ಎಲ್ಲೋಯ್ತು?” ಎಂದು ಕೇಳಿದಳು. “ಹಿಡ್ಕೊಂಡು ಬಾ, ಗೋಡೆಗೆ ಮುಟ್ಟಿಸೋಣ” ಎಂದೆ. ಪೈಪು ಬಡಿಯುವುದು, ಆ ಸ್ವರವನ್ನು ಬಾಯಲ್ಲಿ ಹಿಡಿದು ಕಾಂಪೌಂಡಿನವರೆಗೆ ಓಡುವುದು, ಮತ್ತೆ ಮರಕ್ಕೆ ಬರುವುದು. ಏಳರಲ್ಲಿ ಯಾವುದನ್ನು ಬಡಿದರೂ ತಪ್ಪಿಲ್ಲ. ನಾಲ್ಕನೆಯ ಸುತ್ತಿಗೆ ಹದಿನಾಲ್ಕೂ ಬಾಯಿ ಒಂದೇ ಶ್ರುತಿಗೆ ಬಂದವು. ನನ್ನ ಚಾಪೆಯ ಮೇಲೆ ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕುಣಿಯುವಷ್ಟು ಖುಷಿಯಾಯಿತು, ವಯಸ್ಸು ನೋಡಿಕೊಂಡು ಸುಮ್ಮನಾದೆ.

ಹನ್ನೊಂದಕ್ಕೆ ಪೋಷಕರು ಬಂದು ಕಾಂಪೌಂಡಿನ ಬಳಿ ನಿಂತರು. ಚಾರ್ವಿಯ ತಾಯಿ ಶೋಭಾ ನೇರ ಒಳಗೆ ಹೋಗಿ ಮಗಳ ಬ್ಯಾಗು, ಊಟದ ಡಬ್ಬಿ ತೆಗೆದುಕೊಂಡೇ ಹೊರಬಂದಳು. “ಬೇಜಾರಾಗ್ಬೇಡಿ ಮಿಸ್. ಬಡಿಯೋಕೆ ನಮ್ಮನೇಲೂ ಪಾತ್ರೆ ಇದಾವೆ” ಎಂದಳು. ಸುಮಂಗಲಾ ನನ್ನನ್ನು ನೋಡಿದಳು. ನಾನೇನು ಹೇಳಲಿ? ದಾರಿಯುದ್ದಕ್ಕೂ ಮನಸ್ಸಿನಲ್ಲಿ ನಾನೂ ಅದನ್ನೇ ಅಂದುಕೊಂಡು ಬಂದಿದ್ದೆ.

“ಚಾರ್ವೀ, ಬಾರೇ ಮನೆಗೆ.”

ಚಾರ್ವಿ ಅಮ್ಮನನ್ನು ನೋಡಿದಳು. ಪೈಪು ಬಡಿದಳು. ಸದ್ದು ತುಂಬಿ ಬರುವವರೆಗೆ ಕಾದು, “ಬರಲ್ಲಾ...” ಎಂದು ಎಳೆದಳು. ಶ್ರುತಿ ಎಳ್ಳಷ್ಟೂ ಅಲುಗಲಿಲ್ಲ. ಉಳಿದ ಹದಿಮೂರೂ ತಮ್ಮ ತಮ್ಮ ಪೈಪು ಬಡಿದು ಅದೇ ಸ್ವರದಲ್ಲಿ “ಬರಲ್ಲಾ...” ಎಂದವು.

ಪೋಷಕರು ಬಿದ್ದು ಬಿದ್ದು ನಕ್ಕರು. ಶೋಭಾ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. “ಬೆರಳುದ್ದ ಇಲ್ಲ, ರಾಗ ನೋಡಿ ಇವಳದ್ದು! ಇನ್ನೊಂದ್ಸಲ ಹೇಳೇ” ಎಂದು ಕಟ್ಟೆಯ ಮೇಲೆ ಕೂತಳು. ಅರ್ಧ ಗಂಟೆ ಕೇಳಿ, ಬ್ಯಾಗು ಡಬ್ಬಿ ಎರಡನ್ನೂ ಒಳಗಿಟ್ಟು ಒಬ್ಬಳೇ ಮನೆಗೆ ಹೋದಳು. ಬೇರೆ ಯಾರೂ ಮಗುವನ್ನು ಬಿಡಿಸುವ ಮಾತೆತ್ತಲಿಲ್ಲ. ಉಸ್ಸಪ್ಪಾ! ಸುಮಂಗಲಾ ನನ್ನ ಕೈ ಹಿಡಿದು, “ಬದುಕಿಕೊಂಡೆ ಟೀಚರ್” ಎಂದಳು.

“ಕೊಯ್ದು ಸರಿ ಮಾಡ್ಲಾಮ್ಮಾ?” ಎಂದು ಸೆಲ್ವರಾಜಣ್ಣ ಗರಗಸ ತಂದರು.

“ಮುಟ್ಟಿದ್ರೆ ನೋಡಿ!” ಎಂದೆ.

ಮಧ್ಯಾಹ್ನ ಸುಮಂಗಲಾ ಬಸ್ಸಿನವರೆಗೂ ಬಂದಳು. ನಾನು ಕಿಟಕಿಯ ಪಕ್ಕ ಕೂತ ಮೇಲೆ ಕೇಳಿದಳು: “ಮುಂದಿನ ಗುರುವಾರ ಬರ್ತೀರಾ ಟೀಚರ್?”

ಬೆಳಿಗ್ಗೆಯಿಂದ ಸಿದ್ಧವಾಗಿಟ್ಟುಕೊಂಡ ಮಾತು ಹೊರಬಂತು, ಆದರೆ ಚಾರ್ವಿಯ ಶ್ರುತಿಯಲ್ಲಿ: “ಬರಲ್ಲಾ...” ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಸ್ಸು ಹೊರಟಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ: “ಎಂಟರ ಬಸ್ಸಿಗೇ ಬರ್ತೀನಿ ಕಣೇ!”